ನಿಮ್ಮ ಪ್ಯಾಂಟು ನಿಮ್ಮದೇ ಪಟ್ಟಿಯ ಪ್ರಕಾರ ಸಿದ್ಧವಾಗಿದೆ

ಸಾರಿಗೆ ಇಲಾಖೆಯ ಮುಖ್ಯ ವೈದ್ಯಾಧಿಕಾರಿಗಳೇ,

ತೂಕ ಹೆಚ್ಚೆಂದು ಶುರುಮಾಡಿ, ಕೊನೆಗೆ ನನ್ನ ತಂಗಿಯನ್ನು ಬಸ್ಸಿನ ಚಾಲಕಿಯ ಸೀಟಿನಿಂದ ಇಳಿಸಿದ್ದೀರಿ. ಅವಳನ್ನು ಮತ್ತೆ ಅಲ್ಲೇ ಕೂರಿಸಬೇಕು. ನಾನು ಈವರೆಗೆ ಕಾಗದ ಬರೆದದ್ದು ತಂಗಿಯರಿಗೆ, ಸೊಸೆಯಂದಿರಿಗೆ ಮಾತ್ರ. ಶಾಲೆಯ ಮುಖ ಹೆಚ್ಚು ಕಂಡವನಲ್ಲ. ದರ್ಜಿ, ಅಕ್ಷರ ಕಲಿತದ್ದೇ ಅಳತೆ ಪುಸ್ತಕದಲ್ಲಿ. ಮಾತು ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಲ್ಲಿ ಜಾಗವಿದೆ ಎಂದು ಬಲ್ಲೆ. ಹೇಗೆ ಬಲ್ಲೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇಪ್ಪತ್ತೆರಡು ವರ್ಷ ಓಡಿಸಿದವಳು, ಒಂದು ಸೈಕಲ್ಲಿಗೂ ತಾಗಿಸಿದವಳಲ್ಲ. ಕಣ್ಣು, ಸಕ್ಕರೆ, ರಕ್ತದೊತ್ತಡ ಎಲ್ಲ ಸರಿಯಿದೆಯೆಂದು ಬರೆದವರೂ ನೀವೇ. ಆಮೇಲೆ ಗೋಡೆಗಂಟಿಸಿದ ‘ಆದರ್ಶ ತೂಕ, ದೀರ್ಘ ಆಯಸ್ಸು’ ಪಟ್ಟಿಯ ಮೇಲೆ ಬೆರಳಾಡಿಸಿ, ಮೂರು ತಿಂಗಳಲ್ಲಿ ಹನ್ನೊಂದು ಕೆಜಿ ಇಳಿಯಬೇಕು, ಇಲ್ಲದಿದ್ದರೆ ಸೀಟು ಬಿಡಬೇಕೆಂದಿರಿ. ನಿಮ್ಮ ಸಹಾಯಕ ಅವಳ ತೂಕವನ್ನು ಹೊರಗಿನ ಬೆಂಚಿನವರೆಗೂ ಕೇಳುವಂತೆ ಕೂಗಿದ. ಬೆಂಚಿನಲ್ಲಿದ್ದವರು ಅವಳದೇ ಡಿಪೋದ ಚಾಲಕರು. ಒಬ್ಬ ನಕ್ಕನಂತೆ.

“ನಿನ್ನ ಆಯಸ್ಸು ಹೆಚ್ಚಲಿ ಅಂತ ತಾನೇ ಹೇಳ್ತಿರೋದು, ತಾಯಿ,” ಎಂದಿರಿ ನೀವು.

“ಸೀಟಿಂದ ಇಳಿಸಿಬಿಟ್ರೆ ಆ ಆಯಸ್ಸು ಇಟ್ಕೊಂಡು ಏನ್ಮಾಡ್ಲಿ ಸಾರ್?” ಎಂದಳು ಅವಳು.

ನೀವು ಪಟ್ಟಿಯತ್ತ ಮತ್ತೊಮ್ಮೆ ಬೆರಳು ತೋರಿಸಿ, ಮುಂದಿನವರನ್ನು ಕರೆದಿರಿ.

ಮೂರು ತಿಂಗಳು ಅವಳು ದಿನಕ್ಕೊಂದು ಹೊತ್ತು ಉಂಡಳು. ಒಂಬತ್ತು ಕೆಜಿ ಇಳಿದಳು. ಒಂದು ಮಧ್ಯಾಹ್ನ, ಬಸ್ಸು ತುಂಬ ಜನ, ಅವಳಿಗೆ ಕಣ್ಣು ಕತ್ತಲಿಟ್ಟಿತು. ಗಾಡಿ ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆದು, ಎಲ್ಲರನ್ನೂ ಇಳಿಸಿ, ಆಮೇಲೆ ಬಿದ್ದಳು. ‘ಚಾಲನೆಗೆ ಅಸಮರ್ಥಳು’ ಎಂದು ನೀವು ಬರೆದದ್ದು ಇವಳ ಬಗ್ಗೆಯೇ. ಹಸಿವನ್ನು ಬರೆದುಕೊಟ್ಟವರಾರು, ಸ್ವಾಮಿ? ಈಗ ಅವಳು ಚೆನ್ನಾಗಿ ಉಣ್ಣುತ್ತಾಳೆ, ಗಟ್ಟಿಯಾಗಿದ್ದಾಳೆ. ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಕೊಡೆಗಳನ್ನು ಕಾಯುತ್ತಾಳೆ. “ನನ್ನ ಗಾಡೀನ ಯಾರೋ ಸೆಕೆಂಡ್ ಗೇರಲ್ಲೇ ಎಳೀತಿದ್ದಾರಣ್ಣ, ಇಲ್ಲಿಗೇ ಕೇಳ್ಸತ್ತೆ,” ಎನ್ನುತ್ತಾಳೆ.

ಪಟ್ಟಿ ನನ್ನ ಗೋಡೆಯ ಮೇಲೂ ಇದೆ. ಇಂಥ ಎತ್ತರಕ್ಕೆ ಇಂಥ ಎದೆ, ಇಂಥ ಸೊಂಟ, ಇಂಥ ತೋಳು. ನಲವತ್ತೆಂಟು ವರ್ಷದಲ್ಲಿ ಆ ಪಟ್ಟಿಯಂತೆಯೇ ಇರುವ ಒಬ್ಬ ಮನುಷ್ಯನೂ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಅದು ಬಟ್ಟೆ ಎಷ್ಟು ಬೇಕೆಂಬ ಅಂದಾಜಿಗೆ. ಕತ್ತರಿ ಹಾಕುವ ಮುನ್ನ ನಾನು ಎದುರಿಗೆ ನಿಂತವರನ್ನೇ ಅಳೆಯುತ್ತೇನೆ. ಇಷ್ಟು ವಿದ್ಯೆ ನನಗಿದೆ.

ಈಗ ನಿಮ್ಮ ಹೊಟ್ಟೆಯ ವಿಷಯ. ಹೋದ ತಿಂಗಳು, ಅವಳ ಅಣ್ಣನ ಅಂಗಡಿಯೆಂದು ಅರಿಯದೆ, ಸೂಟು ಹೊಲಿಸಲು ಬಂದಿರಿ. ಈ ಶನಿವಾರ ಇಲಾಖೆಯ ಸಮಾರಂಭ, ದೀರ್ಘಾಯುಷ್ಯದ ಬಗ್ಗೆ ನಿಮ್ಮ ಭಾಷಣ. ಕೈ ಎತ್ತಿ ನಿಂತು, “ಸೊಂಟ ಸ್ವಲ್ಪ ಸಡಿಲ ಇರ್ಲಿ ಮಾಸ್ಟರ್, ಊಟ ಆದ್ಮೇಲೆ ಕೂರೋಕಾಗ್ಬೇಕು,” ಎಂದಿರಿ. ಟೇಪಿನಲ್ಲಿ ಕಂಡ ಅಂಕಿಯನ್ನು ನಾನು ಕೂಗಲಿಲ್ಲ. ಇಲ್ಲೂ ಬರೆಯುವುದಿಲ್ಲ. ಆದರೆ ನಿಮ್ಮ ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿದೆ: ಸೊಂಟದ ಸುತ್ತಳತೆ ಎತ್ತರದ ಅರ್ಧ ಮೀರಬಾರದು. ನಿಮ್ಮ ಎತ್ತರ ನನ್ನ ಪುಸ್ತಕದಲ್ಲಿದೆ. ಪ್ಯಾಂಟನ್ನು ಅದರ ಅರ್ಧಕ್ಕೆ, ಒಂದು ನೂಲೂ ಆಚೀಚೆ ಆಗದಂತೆ, ಹೊಲಿದಿದ್ದೇನೆ. ಎಲ್ಲ ನಿಮ್ಮ ಆಯಸ್ಸು ಹೆಚ್ಚಲಿ ಎಂದೇ.

ಬೇರೆ ಅಂಗಡಿಗೆ ಓಡಬೇಡಿ, ಬಟ್ಟೆ ಹಾಳಾಗಿಲ್ಲ. ನಿಮಗೆ ಬೇಕಾದಷ್ಟೂ ಒಳಗೆ ಮಡಚಿ ಬಿಟ್ಟಿದ್ದೇನೆ. ಹೊಲಿಗೆ ಬಿಚ್ಚಿ ಸರಿಮಾಡಲು ಅರ್ಧ ಗಂಟೆ ಸಾಕು. ನಿಮ್ಮ ಪಟ್ಟಿಗೆ ಆ ಮಡಿಕೆಯೇ ಇಲ್ಲ ನೋಡಿ.

ನನ್ನ ತಂಗಿಯನ್ನು ಮತ್ತೆ ಪರೀಕ್ಷಿಸಿ. ಅವಳ ಕಣ್ಣು ನೋಡಿ, ನಾಡಿ ನೋಡಿ, ಅವಳು ಓಡಿಸುವ ಬಸ್ಸಿನಲ್ಲಿ ಒಂದು ಸುತ್ತು ಕೂತು ಬನ್ನಿ. ಸೀಟಿಗೆ ಮರಳಿಸುವ ಆದೇಶ ಶುಕ್ರವಾರ ಸಂಜೆಯೊಳಗೆ ಅವಳ ಕೈ ಸೇರಲಿ; ಕತ್ತರಿ ಹಿಡಿದು ಕಾದಿರುತ್ತೇನೆ. ಇಲ್ಲವಾದರೆ ಇದ್ದಂತೆಯೇ ತೊಟ್ಟು ವೇದಿಕೆ ಹತ್ತಿ. ಬಗ್ಗಬೇಡಿ, ಕೂರಬೇಡಿ, ಊಟಕ್ಕೆ ಆಸೆಪಡಬೇಡಿ. ಒಂದು ದಿನ ತಾನೇ? ಅವಳು ಮೂರು ತಿಂಗಳು ಹಾಗಿದ್ದಳು.

ಇಂತಿ,
ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಬೇಕೆಂದೇ ಅಳತೆ ತಪ್ಪಿಸಿ ಹೊಲಿದು, ಅದಕ್ಕೆ ನಾಚಿಕೊಂಡಿರುವ ದರ್ಜಿ
(ಚಾಲಕಿಯ ಅಣ್ಣ)