ಕಬ್ಬಿನ ಸಾಲಿನಲ್ಲಿ ಕಾದಂಬರಿ

ಮಟಕಿ
ಜನವರಿ ೪

ಗ್ರಂಥಾಲಯದ ವಿದ್ಯಾವತಿ ಮೇಡಂ ಅವರಿಗೆ ಶರಣು.

ನಮ್ಮ ಮನೆಯವರು ಒಯ್ದ ದಪ್ಪ ಕಾದಂಬರಿ ಸದ್ಯಕ್ಕೆ ವಾಪಸು ಬರುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಕಬ್ಬಿನ ಟ್ರ್ಯಾಕ್ಟರು ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಾಗ ಅದನ್ನು ಓದುತ್ತಾರೆ. ಒಮ್ಮೆ ಸಾಲು ಮುಂದೆ ಸರಿದದ್ದೂ ತಿಳಿಯದೆ ಕುಳಿತಿದ್ದಾಗ, ಹಿಂದಿನ ಗಾಡಿಯ ದೇವಿಂದ್ರಪ್ಪ ಬೈಯಲು ಬಂದವನು, "ಅಂಥಾದ್ದೇನ್ ಅದ ಅದರಾಗ ಗುರುಲಿಂಗ? ನಮಗೂ ಓದಿ ಹೇಳಲೇ" ಎಂದನಂತೆ. ಈಗ ಡ್ರೈವರುಗಳೆಲ್ಲ ಸುತ್ತ ಕೂತು ಕೇಳುತ್ತಾರೆ.

ಹೊಸ ವರ್ಷಕ್ಕೆ ಜನ ಹೆಚ್ಚು ಓದುವ ಗುರಿ ಇಟ್ಟುಕೊಳ್ಳುತ್ತಾರೆ. ಇವರು ಮಾತ್ರ ಆ ಸಾಲಿನ ಹೊರಗೆ ಒಂದು ಪುಟವನ್ನೂ ಓದುವುದಿಲ್ಲವೆಂದು ನಿಶ್ಚಯಿಸಿದ್ದಾರೆ. "ಅವರ್ನ ಬಿಟ್ಟು ನಾ ಒಬ್ಬನೇ ಮುಂದ ಹೋದ್ರ ಹೆಂಗ?" ಎನ್ನುತ್ತಾರೆ. ಮನೆಯಲ್ಲಿದ್ದರೆ ಆಸೆಯಾದೀತೆಂದು ಪುಸ್ತಕವನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಅಂಥ ಗಟ್ಟಿ ಮನಸ್ಸಿನವರನ್ನು ನಾನು ಕಂಡಿಲ್ಲ.

ಅಂದಂದು ಓದಿದ್ದನ್ನು ಮನೆಗೆ ಬಂದು ನನಗೆ ಹೇಳುತ್ತಾರೆ. ನಿನ್ನೆ ಕಥೆಯ ಹುಡುಗಿ ತುಂಬಿದ ಹೊಳೆಯಲ್ಲಿ ದೋಣಿ ಹತ್ತಿದಳು ಎಂದಲ್ಲಿಗೆ ನಿಲ್ಲಿಸಿದರು. ಆಕೆ ಆಚೆ ದಡ ಮುಟ್ಟಿದಳೋ ಇಲ್ಲವೋ ಎಂದು ಯೋಚಿಸುತ್ತ ಬೆಳಿಗ್ಗೆ ರೊಟ್ಟಿ ಹೊತ್ತಿಸಿದೆ.

ಅದೇ ಪುಸ್ತಕದ ಇನ್ನೊಂದು ಪ್ರತಿ ಇದ್ದರೆ ನನ್ನ ಹೆಸರಿಗೆ ಬರೆದು ಕೊಡಿ. ಅವರಿಗೆ ಹೇಳಬೇಡಿ. ಸಂಜೆ ಅವರು ಕಥೆ ಹೇಳುವಾಗ ನಾನು ಏನೂ ತಿಳಿಯದವಳಂತೆ ಕೇಳುತ್ತೇನೆ.

ನಿಮ್ಮ
ಭಾಗ್ಯಜ್ಯೋತಿ