ಬೆಳವನ ನೈಟ್ ಡ್ಯೂಟಿ

ಮಾರ್ಚ್ ೩, ಬೆಳಿಗ್ಗೆ

ಮತ್ತೆ ಎರಡು ಲೋಟ ಟೀ ಮಾಡಿದೆ. ಒಂದನ್ನು ಚೆಲ್ಲಿದೆ. ಬಾಲ್ಕನಿಯ ಫರ್ನ್‌ಗೆ ನೀರು ಹಾಕಲು ಹೋದರೆ, ತೂಗುಕುಂಡದೊಳಗಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿದೆ. ಬೆಳವ! ಪಾರಿವಾಳದ ಜಾತಿ, ಕೊರಳ ಹಿಂದೆ ಕಪ್ಪು-ಬಿಳಿ ಚುಕ್ಕಿ. ಹೊಟ್ಟೆಯಡಿ ಎರಡು ಬಿಳಿ ಮೊಟ್ಟೆ. ಗೂಡೋ, ನಾಲ್ಕು ಕಡ್ಡಿ ಎಂಟು ತೂತು. ಇಂಜಿನಿಯರಿಂಗ್ ನಿಲ್.

ತೀರಿಹೋದ ನನ್ನವಳು ನೆಟ್ಟದ್ದರಲ್ಲಿ ಉಳಿದಿರುವುದು ಈ ಫರ್ನ್ ಒಂದೇ. ದಿನಾ ನೀರು ಬೇಕು. ಹಾಕಿದರೆ ಮೊಟ್ಟೆ ನೆನೆಯುತ್ತದೆ. ಅತ್ತ ದರಿ, ಇತ್ತ ಪುಲಿ.

ಮಾರ್ಚ್ ೯

ಪಕ್ಕದ ಮನೆಯಿಂದ ನಾದಿನಿ ಬಂದಿದ್ದಳು.

"ಭಾವ, ಅಕ್ಕನ ಗಿಡ ಒಣಗ್ತಾ ಇದೆ. ಆ ಗೂಡು ಕಿತ್ತು ಬಿಸಾಕಿ."

"ಬಾಣಂತೀನ ಓಡಿಸ್ತಾರೇನಮ್ಮ?"

"ಗಂಡ ಅನ್ನಿಸಿಕೊಂಡೋನು ಎಲ್ಲಿ? ಊರು ಸುತ್ತೋಕೆ ಹೋಗಿರ್ತಾನೆ!"

ನಾನೂ ಹಾಗೇ ತಿಳಿದಿದ್ದೆ. ಸಂಜೆ ನೋಡಿದರೆ ಕಥೆಯೇ ಬೇರೆ. ಇನ್ನೊಂದು ಬೆಳವ ಬಂತು, ಕೂತಿದ್ದದ್ದು ಎದ್ದು ಜಾಗ ಬಿಟ್ಟುಕೊಟ್ಟಿತು. ಎದ್ದವನ ಬಾಲದಲ್ಲಿ ಒಂದು ಗರಿ ಇಲ್ಲ. ಕಂಬಿಯ ಮೇಲೆ ಕೊರಳುಬ್ಬಿಸಿ ಅವಳಿಗೆ ತಲೆಬಾಗಿಸುವ ಗಂಡು ಅವನೇ. ಹಗಲೆಲ್ಲ ಕಾವು ಕೊಡುವವನು ಅವನು, ರಾತ್ರಿ ಅವಳು. ಡಿವಿಷನ್ ಆಫ್ ಲೇಬರ್! ಎಕನಾಮಿಕ್ಸ್ ಮೇಷ್ಟ್ರು ಏನೋ ಗುಂಡುಸೂಜಿ ಕಥೆ ಹೇಳುತ್ತಿದ್ದರು... ಇರಲಿ.

ಪಾಳಿ ಬದಲಾಗುವಾಗ ಸ್ಟೂಲ್ ಹತ್ತಿ ಕುಂಡದ ಅಂಚಿಗೆ ಚಮಚದಲ್ಲಿ ನೀರು ಬಿಟ್ಟೆ. ಅವಳು ಕದಲಲಿಲ್ಲ.

ಮಾರ್ಚ್ ೧೭

ಮರಿ ಎರಡು! ಹಳದಿ ನೂಲು ಅಂಟಿಸಿದ ಹುಳುಗಳ ಹಾಗೆ. ಗಂಟಲಿಂದ ಮೊಸರಿನಂಥದ್ದೇನೋ ಕಕ್ಕಿ ಉಣಿಸುತ್ತಾರೆ. ಅಪ್ಪನೂ!

"ಕಲೀರಿ ಭಾವ. ನಿಮಗೆ ಮಗಳ ಬಾಟಲಿ ತೊಳೆಯೋಕೂ ಬರ್ತಿರಲಿಲ್ಲ" ಎಂದಳು ನಾದಿನಿ.

ಅವಳ ಬೆಕ್ಕು ಬಾಲ್ಕನಿ ಗೋಡೆಯ ಮೇಲೆ ಕೂತು ಕುಂಡವನ್ನೇ ನೋಡುತ್ತಿತ್ತು. ತೋರಿಸಿದೆ.

"ಅದಾ? ಇಲಿ ಕಂಡ್ರೆ ಮಂಚದ ಕೆಳಗೆ ಓಡತ್ತೆ."

ಮಾರ್ಚ್ ೨೧, ಬೆಳಿಗ್ಗೆ

ಬಾಲ್ಕನಿ ತುಂಬ ಗರಿ. ಚುಕ್ಕಿಯ ಗರಿಗಳೂ.

ಸ್ಟೂಲ್. ನಿನ್ನೆ ಸಂಜೆ ನೀರು ಹಾಕಿದವನು ಅಲ್ಲೇ ಬಿಟ್ಟಿದ್ದೆ, ಕುಂಡದ ನೇರ ಕೆಳಗೆ. ಬೆಕ್ಕಿಗೆ ಮೆಟ್ಟಿಲು ಹಾಕಿಕೊಟ್ಟೆ.

ಅವಳನ್ನು ಕಚ್ಚಿಕೊಂಡು ಹಾರಿರಬೇಕು. ಮರಿಗಳು ಉಳಿದಿವೆ.

ಅದೇ ದಿನ, ಹತ್ತು ಗಂಟೆ

ಬಂದ. ಬಾಲದ ಗರಿ ಇಲ್ಲದವನು. ಕಂಬಿಯ ಮೇಲೆ ಕಾದ—ಅವಳು ಏಳಲಿ ಎಂದು. ಬಹಳ ಹೊತ್ತು ಕಾದ. ಆಮೇಲೆ ಹೋಗಿ ಕೂತ.

ನಾದಿನಿ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ ಬಂದಳು. ಕಣ್ಣು ಕೆಂಪಾಗಿತ್ತು.

"ಹಗಲು ಸರಿ ಭಾವ. ರಾತ್ರಿ? ಇವನಿಗೆ ಅಭ್ಯಾಸ ಇಲ್ವಲ್ಲ."

"ಯಾರಿಗಿರತ್ತಮ್ಮ?"

ಸಂಜೆ

ಪಾಳಿಯ ಹೊತ್ತು. ಎದ್ದ. ಕಂಬಿಗೆ ಬಂದು ಕೂಗಿದ. ಮತ್ತೆ ಕೂಗಿದ. ಹಾರಿಹೋದ.

ಮರಿಗಳಿಗೆ ಇನ್ನೂ ಗರಿ ಬಂದಿಲ್ಲ. ಗಾಳಿ ತಣ್ಣಗಿದೆ. ನಾದಿನಿ ಹತ್ತಿ ತಂದುಕೊಟ್ಟು "ಮುಚ್ಚಿ ಭಾವ" ಎಂದಳು. ಮುಚ್ಚಿದ್ದು ನೋಡಿ ಅವನು ಬೆದರಿದರೆ? ಹತ್ತಿ ಕೈಯಲ್ಲೇ ಇದೆ. ಫರ್ನ್‌ಗೆ ಇವತ್ತು ನೀರಿಲ್ಲ. ನೆಟ್ಟವಳು ಬೈದರೆ ಬೈಯಲಿ.

ಲೈಟ್ ಹಾಕಿಲ್ಲ. ಅಕ್ಷರ ಕಾಣುತ್ತಿಲ್ಲ. ಬಾ ಮಾರಾಯ. ಖಾಲಿ ಜಾಗ ನೋಡುವುದು ಕಷ್ಟ, ಗೊತ್ತು. ಏನೂ ಮಾಡಬೇಡ, ಸುಮ್ಮನೆ ಕೂತರೆ ಸಾಕು—

ರೆಕ್ಕೆಯ ಸದ್ದು. ಕಂಬಿಯ ಮೇಲೆ. ಬಾಲ... ಹೌದು, ಅವನೇ.

ಒಂದು ಕಾಲು ಗೂಡಿನ ಅಂಚಿಗೆ. ಪೆನ್ನಿನ ಸದ್ದಿಗೂ ಹೆದರಿಯಾನು, ಇನ್ನು ಬರೆಯುವುದು ಬೇಡ—