ಪರದೆಯ ಹಿಂದಿನವರಿಗೆ ಕಾಶವ್ವನ ಉತ್ತರ

ಮಹಾಜನಗಳೇ! ಮುಂದಿನ ಚಾಪೆಯವರೇ, ಹಿಂದೆ ಗೋಡೆಗೊರಗಿ ನಿಂತವರೇ, ಇನ್ನೂರೈವತ್ತು ವರ್ಷ ಆಚೆಗಿರುವ ನನ್ನ ಮುತ್ತಜ್ಜ ಮುತ್ತಜ್ಜಿಯರೇ, ಗದ್ದಲ ನಿಲ್ಲಲಿ. ಇಂದು ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಎಪ್ಪತ್ತಾರು. ನಗಬೇಡಿ, ನಮ್ಮಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಾಟಕ ಕಂಪನಿಯಲ್ಲಿ ಬೆಳೆದ ಗಂಟಲು ನನ್ನದು. ಈಗ ಅದು ರಾಣೆಬೆನ್ನೂರಿನ ಒಂದು ಅರ್ಥಶಾಸ್ತ್ರ ಪತ್ರಿಕೆಯ ಚಾಕರಿಯಲ್ಲಿದೆ.

ಪತ್ರಿಕೆಗೆ ಗಂಟಲೇಕೆ ಎನ್ನುವಿರಿ. ಒಂದು ಕಾಲದಲ್ಲಿ ಯಂತ್ರ ಬರೆದದ್ದನ್ನು ಯಂತ್ರವೇ ಪರಿಶೀಲಿಸಿ, ಯಾರೂ ಓದದ ಲೇಖನಗಳು ಗುಡ್ಡೆ ಬಿದ್ದವಂತೆ. ಅಂದಿನಿಂದ ನಮ್ಮಲ್ಲಿ ಲೇಖನವನ್ನು ಮನುಷ್ಯನೇ ಓದಬೇಕು, ಮನುಷ್ಯನೇ ಕೇಳಬೇಕು. ಹಸ್ತಪ್ರತಿ ಬಂದೊಡನೆ ಲೇಖಕರ ಹೆಸರನ್ನು ಕತ್ತರಿಸಿ ಹೆಸರುಗೂಡಿನಲ್ಲಿ ಇಡುತ್ತೇವೆ. ಅದು ಗೋಡೆಯೊಳಗಿನ ಬೀಗದ ಗೂಡು. ಆಮೇಲೆ ಸಂಪಾದಕಿ ಮೆಹರುನ್ನಿಸಾ ನದಾಫರ ಜರಡಿ. ಹೊಸದೇನೂ ಹೇಳದ್ದು, ಲೆಕ್ಕ ಕೂಡದ್ದು ಅಲ್ಲಿಯೇ ನಿಂತು, ಸೌಜನ್ಯದ ಎರಡು ಸಾಲು ಹೊತ್ತು ಮನೆಗೆ ಮರಳುತ್ತದೆ. ಉಳಿದದ್ದನ್ನು ನಾನು ಇಬ್ಬರು ಮರೆಗಾರರಿಗೆ ಓದುತ್ತೇನೆ. ಮರೆಗಾರರೆಂದರೆ ಆ ವಿಷಯ ಬಲ್ಲ ವಿದ್ವಾಂಸರು, ಪರದೆಯ ಹಿಂದೆ ಕುಳಿತು ಕೇಳಿ ತೀರ್ಪು ಹೇಳುವವರು. ಲೇಖಕರು ಯಾರೆಂದು ಅವರಿಗೆ ಗೊತ್ತಿರುವುದಿಲ್ಲ, ಅವರು ಯಾರೆಂದು ಲೇಖಕರಿಗೂ ಗೊತ್ತಿರುವುದಿಲ್ಲ. ಆಕ್ಷೇಪಕ್ಕೆ ಲೇಖಕರು ಒಮ್ಮೆ ಉತ್ತರಿಸಬಹುದು. ತಮ್ಮ ಹೆಸರನ್ನು ಬಾಯಿಬಿಟ್ಟರೆ ಲೇಖನ ಹೊರಗೆ.

ಈ ಸಲ ಬಂದದ್ದು ಕಾಶವ್ವ ಮುದೇನೂರರ ಲೇಖನ. ಕೆಲವು ವರ್ಷಗಳ ಹಿಂದೆ ಇದೇ ಪತ್ರಿಕೆಯಲ್ಲಿ ಆಕೆ, ಸಂಜೆಯ ಸಂತೆ ನಿಂತರೆ ಯಾರಿಗೂ ನಷ್ಟವಿಲ್ಲವೆಂದು ಸಾಧಿಸಿದ್ದರು. ನಗರಸಭೆ ಅದನ್ನು ನಂಬಿ ಸಂತೆ ಮುಚ್ಚಿತು. ಆ ಲೆಕ್ಕ ತಪ್ಪೆಂದು ಈಗ ಆಕೆಯೇ ಬರೆದಿದ್ದಾರೆ. ಆಗ ಎಣಿಸಿ ಪಟ್ಟಿ ಮಾಡಿದ್ದು ಸೂರಿದ್ದ ಅಂಗಡಿಗಳನ್ನಷ್ಟೇ. ನೆಲದ ಮೇಲೆ ಬುಟ್ಟಿ ಇಟ್ಟು ಸೊಪ್ಪು ಮಾರುತ್ತಿದ್ದ ಹೆಂಗಸರು ಲೆಕ್ಕಕ್ಕೇ ಬಂದಿರಲಿಲ್ಲ. ಮುಂದಿನ ತಿಂಗಳು ನಗರಸಭೆ ಆ ಜಾಗವನ್ನು ಕಟ್ಟಡಕ್ಕೆ ಕೊಡಲಿದೆ. ಅಚ್ಚಾದ ಲೇಖನದ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಅದು ಕೇಳುವುದಿಲ್ಲ.

ಒಬ್ಬ ಮರೆಗಾರರು ಒಪ್ಪಿದರು. ಇನ್ನೊಬ್ಬರಿಗೆ ಸಿಟ್ಟು ಬಂತು. ಕಾಶವ್ವನಂಥ ವಿದುಷಿಯ ಕೆಲಸವನ್ನು ಯಾವನೋ ಹೊಸಬ ಹಳಿಯುವುದೇ ಎಂದು ಗುಡುಗಿದ ಅಬ್ಬರಕ್ಕೆ ಪರದೆಯೇ ಅಲುಗಿತು.

"ಈ ಹುಡುಗ ಮೊದ್ಲ ಕಾಶವ್ವಾರ್ನ ನೆಟ್ಟಗ ಓದ್ಲಿ, ಆಮ್ಯಾಲ ಬರೀಲಿ" ಎಂದರು.

ಆಕ್ಷೇಪವನ್ನು ನಾನು ತಲುಪಿಸಿದಾಗ ಕಾಶವ್ವ ಮೊದಲು ನಕ್ಕರು, ಆಮೇಲೆ ಎದ್ದು ನಿಂತು ಸಂಪಾದಕಿಯನ್ನು ಕೇಳಿದರು: "ಅಕ್ಕಾರ, ನಾ ಬರದದ್ದು ನನಗ ತಿಳಿದಿಲ್ಲಂತ. ಒಂದ್ಸಲ ಪರದೆ ಸರಿಸಿ ಮಾರಿ ತೋರಿಸಿ ಬರ್ಲೇನು?"

ನದಾಫರು ಕನ್ನಡಕ ಒರೆಸಿಕೊಂಡರು. "ತೋರಿಸವಾ. ನಿನ್ನ ಹೆಸರಿಗೆ ತಲಿ ಬಾಗ್ತಾರ. ಬುಟ್ಟಿ ಆಗನೂ ಯಾರೂ ಎಣಸಾಂಗಿಲ್ಲ."

ಕಾಶವ್ವ ಕುಳಿತರು. ಬಹಳ ಹೊತ್ತು ಬರೆದು, ಬರೆದದ್ದರಲ್ಲಿ ಮುಕ್ಕಾಲು ಹೊಡೆದುಹಾಕಿ, ಉತ್ತರ ಕೊಟ್ಟರು: "ಆ ಹಳೆಯ ಲೇಖಕಿಯ ಮಾನದ ಚಿಂತೆ ತಮಗೆ ಬೇಡ. ಆಕೆಯ ಪಟ್ಟಿಯಲ್ಲಿ ಸೂರಿಲ್ಲದ ಒಬ್ಬ ವ್ಯಾಪಾರಿಯನ್ನಾದರೂ ತೋರಿಸಿದರೆ ಈ ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆ."

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಹೆಸರಿಲ್ಲದ ಬರಹ ನಿಮ್ಮ ಕೈಗೆ ಬಂದರೆ, ಬರೆದವರು ಯಾರೆಂದು ಊಹಿಸುವ ಮೊದಲು ಕೊನೆಯತನಕ ಓದಿ.

ನಾಳೆ ಬೆಳಿಗ್ಗೆ ನಾನು ಆ ಉತ್ತರವನ್ನು ಪರದೆಯ ಮುಂದೆ ಓದುತ್ತೇನೆ. ಈ ಗಂಟಲನ್ನು ಪೂರ್ತಿ ಬಿಟ್ಟರೆ ಕೊನೆಯ ಸಾಲಿನವರೂ ಅತ್ತಾರು. ಆದರೆ ನಾಳೆ ಏರಿಳಿತವಿಲ್ಲದೆ, ಕಿರಾಣಿ ಚೀಟಿ ಓದಿದ ಹಾಗೆ ಓದುತ್ತೇನೆ. ಗೆದ್ದರೆ ಲೆಕ್ಕವೇ ಗೆಲ್ಲಲಿ. ಓದಿ ಮುಗಿಸಿ, ಆ ಹಳೆಯ ಪಟ್ಟಿಯನ್ನು ಪರದೆಯ ಅಡಿಯಿಂದ ಒಳಗೆ ಸರಿಸಿ, ಒಳಗಿನವರು ಹಾಳೆ ತಿರುವುವ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತೇನೆ.